ದೋಸೆ ಹಿಟ್ಟಿನ ಪ್ಯಾಕೆಟ್‌ನಿಂದ ಬೆಳೆದ ಉದ್ಯಮಿ: ವಯನಾಡಿನ ಪಿ.ಸಿ. ಮುಸ್ತಫಾ

ಐಡಿ ಫ್ರೆಶ್ ಫುಡ್ ಕಂಪೆನಿಯ ಸ್ಥಾಪಕ ಪಿ.ಸಿ. ಮುಸ್ತಫಾ ಕೇರಳದ ವಯನಾಡ್ ಜಿಲ್ಲೆಯ ಚೆನ್ನಲೋಡ್ ಎಂಬ ಹಳ್ಳಿಯವರು. ತಂದೆ ತೋಟದಲ್ಲಿ ಕೂಲಿ ಕೆಲಸಕ್ಕೆ ಹೋಗುತ್ತಿದ್ದವರು, ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆರನೇ ತರಗತಿಯಲ್ಲಿ ಫೇಲಾದ ಮುಸ್ತಫಾ ತಂದೆಯ ಜೊತೆ ಕೂಲಿಗೆ ಹೊರಟಿದ್ದರು. ಅವರನ್ನು ಮತ್ತೆ ಶಾಲೆಗೆ ಕರೆತಂದದ್ದು ಗಣಿತದ ಮಾಸ್ತರರಾದ ಮ್ಯಾಥ್ಯೂ. ಹತ್ತನೇ ತರಗತಿಗೆ ಬರುವಾಗ ಅದೇ ಹುಡುಗ ಶಾಲೆಗೇ ಮೊದಲಿಗ.

ವ್ಯಾಪಾರದ ರುಚಿ ಹತ್ತಿದ್ದು ಅದಕ್ಕೂ ಮೊದಲು. ಬಾಲ್ಯದಲ್ಲಿ ಸೌದೆ ಮಾರಿ ಕೂಡಿಟ್ಟ ನೂರೈವತ್ತು ರೂಪಾಯಿಯಲ್ಲಿ ಆಡು ತಂದರು, ಅದು ಮರಿ ಹಾಕಿತು, ಕೊನೆಗೆ ಆಡುಗಳನ್ನು ಮಾರಿ ದನ ಕೊಂಡರು. ಮನೆಯಲ್ಲಿ ಮೂರು ಹೊತ್ತು ಊಟ ಶುರುವಾದದ್ದು ಆ ದನದ ಹಾಲಿನಿಂದ ಎಂದು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ.

ಕೋಝಿಕ್ಕೋಡ್‌ನ ಫಾರೂಕ್ ಕಾಲೇಜಿನಲ್ಲಿ ಪಿಯುಸಿ, ನಂತರ ಅಲ್ಲಿನ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ (ಈಗಿನ ಎನ್‌ಐಟಿ) ಕಂಪ್ಯೂಟರ್ ಸೈನ್ಸ್. 1995ರಲ್ಲಿ ಬೆಂಗಳೂರಿಗೆ ಬಂದು ಅಮೆರಿಕ ಮೂಲದ ಒಂದು ಸ್ಟಾರ್ಟಪ್‌ನಲ್ಲಿ ಕೆಲಸ. ಅಲ್ಲಿಂದ ಮೊಟೊರೊಲಾ, ಸ್ವಲ್ಪ ಸಮಯ ಐರ್ಲೆಂಡ್, ಬಳಿಕ ದುಬೈಯ ಸಿಟಿಬ್ಯಾಂಕ್. ಗಲ್ಫ್ ಸಂಬಳದಲ್ಲಿ ತಂದೆಯ ಸಾಲ ತೀರಿತು. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಕತೆ ಇಲ್ಲಿಗೇ ಮುಗಿಯುತ್ತದೆ, ಆಮೇಲೆ ಮನೆ ಕಟ್ಟಿಸುವ ಲೆಕ್ಕ ಅಷ್ಟೇ. ಮುಸ್ತಫಾ ಮಾತ್ರ 2003ರಲ್ಲಿ ಊರಿಗೆ ವಾಪಸಾದರು. ನಂತರ ಬೆಂಗಳೂರಿನ ಐಐಎಂನಲ್ಲಿ ಎಂಬಿಎಗೂ ಸೇರಿದರು.

ಆದರೆ ಐಡಿಯ ಯೋಚನೆ ಹುಟ್ಟಿದ್ದು ಐಐಎಂನಲ್ಲಿ ಅಲ್ಲ, ಕಿರಾಣಿ ಅಂಗಡಿಯ ಗಲ್ಲಾದಲ್ಲಿ. ಬೆಂಗಳೂರಿನ ತಿಪ್ಪಸಂದ್ರದಲ್ಲಿ ಅವರ ಸೋದರ ಸಂಬಂಧಿ ನಾಸರ್‌ಗೆ ಅಂಗಡಿಯಿತ್ತು. ದೋಸೆ ಹಿಟ್ಟನ್ನು ತೊಟ್ಟೆಯಲ್ಲಿ ತುಂಬಿಸಿ ರಬ್ಬರ್ ಬ್ಯಾಂಡ್ ಕಟ್ಟಿ ಮಾರುವುದು, ಗಿರಾಕಿಗಳು ಹುಳಿ ಬಂತು, ಹಾಳಾಯ್ತು ಎಂದು ವಾಪಸ್ ತರುವುದು ನಾಸರ್‌ಗೆ ದಿನನಿತ್ಯದ ನೋಟ. ದೂರು ಬರುತ್ತಿದ್ದರೂ ಜನ ಖರೀದಿ ನಿಲ್ಲಿಸುತ್ತಿರಲಿಲ್ಲ. ಅಂದರೆ ಬೇಡಿಕೆ ಇದೆ, ಒಳ್ಳೆ ಮಾಲು ಇಲ್ಲ.

2005ರಲ್ಲಿ 50 ಸಾವಿರ ರೂಪಾಯಿ, 50 ಚದರ ಅಡಿಯ ಅಡುಗೆಕೋಣೆ, ಎರಡು ಗ್ರೈಂಡರ್. ಇಡ್ಲಿ-ದೋಸೆಯ ಮೊದಲಕ್ಷರ ಸೇರಿ 'ಐಡಿ'. ದಿನಕ್ಕೆ ನೂರು ಪ್ಯಾಕೆಟ್ ಆರು ತಿಂಗಳಲ್ಲಿ ದಾಟಿದರೆ ಇನ್ನಷ್ಟು ಹಣ ಹಾಕುವುದೆಂದು ಮಾತಾಗಿತ್ತು. ದಾಟಲು ಒಂಬತ್ತು ತಿಂಗಳು ಹಿಡಿಯಿತು! ಮೊದಲ ತಿಂಗಳ ಲಾಭ 400 ರೂಪಾಯಿ. ಇಪ್ಪತ್ತು ಅಂಗಡಿಗಳಿಗೆ ಮಾತ್ರ ಸರಬರಾಜು. ಸಣ್ಣ ವ್ಯಾಪಾರ ಮಾಡುವವರು ಗಮನಿಸಬೇಕಾದ್ದು ಇದನ್ನೇ: ಗುರಿ ತಪ್ಪಿದರೂ ಅವರು ಅಂಗಡಿ ಮುಚ್ಚಲಿಲ್ಲ, ಸಾಲ ಎತ್ತಿ ದೊಡ್ಡದಾಗಿ ಹಾರಲೂ ಇಲ್ಲ. ಮುಸ್ತಫಾ ಪೂರ್ಣಾವಧಿಗೆ ಬಂದದ್ದು 2007ರಲ್ಲಿ, ಎಂಬಿಎ ಮುಗಿದ ಮೇಲೆ. ಮುಂದೆ ಹೊಸಕೋಟೆಯಲ್ಲಿ ದೊಡ್ಡ ಘಟಕ, ಮಲಬಾರ್ ಪರೋಟ.

ಹಿಟ್ಟಿನ ವ್ಯಾಪಾರ ಹೇಳಿದಷ್ಟು ಸುಲಭವಲ್ಲ. ಸಂರಕ್ಷಕ ಹಾಕದ ಹಿಟ್ಟು ಪ್ಯಾಕೆಟ್‌ನೊಳಗೂ ಹುದುಗುತ್ತಲೇ ಇರುತ್ತದೆ. ತಂಪು ಕೈಕೊಟ್ಟರೆ ಪ್ಯಾಕೆಟ್ ಉಬ್ಬುತ್ತದೆ. ಕೆಲವೇ ದಿನದ ಆಯುಸ್ಸಿನ ಮಾಲು, ಗೋದಾಮಿನಲ್ಲಿ ಇಟ್ಟು ದರ ಏರಲಿ ಎಂದು ಕಾಯುವಂತಿಲ್ಲ. ನಾಳೆ ಯಾವ ಅಂಗಡಿಯಲ್ಲಿ ಎಷ್ಟು ಹೋಗುತ್ತದೆ ಎಂಬ ಅಂದಾಜು ತಪ್ಪಿದರೆ ಅಂದಿನ ಲಾಭ ಕಸದ ಬುಟ್ಟಿಗೆ. ಕಂಪ್ಯೂಟರ್ ಕಲಿತವನ ತಲೆ ಇಲ್ಲಿ ಉಪಯೋಗಕ್ಕೆ ಬಂತು.

2014ರಲ್ಲಿ ಹೆಲಿಯನ್ ಸಂಸ್ಥೆ 35 ಕೋಟಿ ಹೂಡಿತು, 2017ರಲ್ಲಿ ಅಝೀಮ್ ಪ್ರೇಮ್‌ಜಿಯವರ ಪ್ರೇಮ್‌ಜಿ ಇನ್ವೆಸ್ಟ್ ಬಂತು. ಹೆಸರು ಬೆಳೆದಂತೆ ಪೆಟ್ಟೂ ಬಂತು. 2021ರಲ್ಲಿ ಹಿಟ್ಟಿಗೆ ದನದ ಎಲುಬು ಬೆರೆಸುತ್ತಾರೆ, ಮುಸ್ಲಿಮರನ್ನಷ್ಟೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂಬ ಸುಳ್ಳು ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ಅಕ್ಕಿ, ಉದ್ದು, ಮೆಂತ್ಯೆ, ನೀರು, ಎಲ್ಲವೂ ಸಸ್ಯಾಹಾರಿ ಎಂದು ಕಂಪೆನಿ ಸ್ಪಷ್ಟನೆ ಕೊಟ್ಟು ದೂರು ನೀಡಿತು. ಅಡುಗೆಮನೆಯ ಮಾಲು ಮಾರುವವನಿಗೆ ಇದಕ್ಕಿಂತ ದೊಡ್ಡ ಹೊಡೆತ ಇನ್ನೊಂದಿಲ್ಲ. ಗಿರಾಕಿಯ ನಂಬಿಕೆ ಒಮ್ಮೆ ಹೋದರೆ ಮಾಲು ಎಷ್ಟು ಒಳ್ಳೆಯದಿದ್ದರೂ ಅಂಗಡಿಯ ಫ್ರಿಜ್‌ನಲ್ಲೇ ಉಳಿಯುತ್ತದೆ.

ಉಳಿಯಲಿಲ್ಲ. ಮರುವರ್ಷ ಕಂಪೆನಿಗೆ 507 ಕೋಟಿಯ ಹೊಸ ಹೂಡಿಕೆ ಬಂತು, 2023-24ರಲ್ಲಿ ವಹಿವಾಟು 550 ಕೋಟಿ ದಾಟಿತು. ನಾಸರ್ ಮತ್ತು ಸಹೋದರರು ಈ ಉದ್ಯಮದ ಸಹ-ಸ್ಥಾಪಕರು.