ಮಾದಪ್ಪನ ಕತೆಗೆ ಮರಳುವವರಿಗೆ: ಯಾವ ಸಾಲಿನಿಂದ ಶುರು ಮಾಡೋದು?

ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಹುಟ್ಟಿ, ಓದು-ಕೆಲಸ ಅಂತ ಊರು ಬಿಟ್ಟ ಎಷ್ಟೋ ಜನರಿಗೆ ಮಾದಪ್ಪನ ಕತೆ ಅರ್ಧಕ್ಕೇ ನಿಂತಿರುತ್ತೆ. ನೆನಪಿರೋದು ಹುಲಿ ಸವಾರಿ, ಕಂಸಾಳೆ ಸದ್ದು, ಅಷ್ಟೇ. ವರ್ಷಗಳ ನಂತರ ಮತ್ತೆ ಆ ಕತೆಗೆ ಹೋಗಬೇಕು ಅನ್ನಿಸಿದವರಿಗಾಗಿ ಈ ಟಿಪ್ಪಣಿ.

ಮೊದಲಿಂದ ಕೇಳಬೇಕಾ?

ಬೇಕಿಲ್ಲ. ಮಲೆ ಮಾದೇಶ್ವರ ಕಾವ್ಯ ದೀಕ್ಷೆ ಪಡೆದ ದೇವರಗುಡ್ಡರು ರಾತ್ರಿಯಿಡೀ ಹಾಡುವ ಮೌಖಿಕ ಮಹಾಕಾವ್ಯ. ಅದು 'ಸಾಲು'ಗಳಲ್ಲಿ ಸಾಗುತ್ತೆ. ಒಂದೊಂದು ಸಾಲೂ ತನ್ನಷ್ಟಕ್ಕೆ ಪೂರ್ತಿ ಕತೆ. ಹಾಗಾಗಿ ಹಿಂದಿನದು ಮರೆತವರೂ ನಡುವೆ ಬಂದು ಕೂರಬಹುದು.

ಎಲ್ಲಿಂದ ಶುರು?

ಶ್ರವಣ ದೊರೆಯ ಸಾಲು: ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಳ್ಳುವ ರಾಜ. ಅವನನ್ನು ಮುಗಿಸೋದು ಯಾವ ದಿವ್ಯಾಸ್ತ್ರವೂ ಅಲ್ಲ, ಹರಳಯ್ಯ ಮಾಡಿಕೊಟ್ಟ ಪಾದುಕೆ. ಅಧಿಕಾರವನ್ನು ಸುಡುವ ಆಯುಧ ಚಮ್ಮಾರನ ಕೈಯಲ್ಲಿ ತಯಾರಾಗುತ್ತೆ.

ಸಂಕಮ್ಮನ ಸಾಲು: ಕಾಡಿಗೆ ಹೊರಟ ಸೋಲಿಗರ ನೀಲಯ್ಯ, ತಾನು ಬರೋವರೆಗೆ ಶೀಲವಾಗಿರ್ತೀನಿ ಅಂತ ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡಲ್ಲ. ಅದಕ್ಕೆ ಅವಳು ಪಡುವ ಹಿಂಸೆ ಭೀಕರ. ಮಾದಪ್ಪ ಕಾಪಾಡುತ್ತಾನೆ, ನಿಜ. ಆದರೆ ಕೊನೆಗೂ ಶೀಲ ಸಾಬೀತು ಮಾಡಬೇಕಾದವಳು ಅವಳೇ. ಈ ಮುಜುಗರವನ್ನು ದಾಟಿಸಿಕೊಂಡು ಹೋಗಬೇಡಿ, ಅಲ್ಲೇ ನಿಂತು ಕೇಳಿ.

ಬೇವಿನಹಟ್ಟಿ ಕಾಳಮ್ಮನ ಸಾಲು: ಭಿಕ್ಷೆ ನಿರಾಕರಿಸುವ ಸಿರಿವಂತೆಯ ಸೊಕ್ಕು ಮುರಿಯುವ ಕತೆ. ಆದರೆ ಒಲ್ಲೆ ಅಂದವರನ್ನೆಲ್ಲ ಶಿಕ್ಷಿಸುವ ದೇವರು ನ್ಯಾಯವಂತನಾ? ಚಿಕ್ಕಂದಿನಲ್ಲಿ ಕೇಳದ ಪ್ರಶ್ನೆಯನ್ನು ಈಗ ಕೇಳಬಹುದು.

ನಮ್ಮೂರು ಇದರಲ್ಲಿ ಎಲ್ಲಿ?

ನಂಜನಗೂಡು ತಾಲ್ಲೂಕಿನ ಸುತ್ತೂರು ಮಠ ಕಾವ್ಯದಲ್ಲೇ ಬರುತ್ತೆ. ಬೆಟ್ಟ ಸೇರುವ ಮುನ್ನ ಮಾದಪ್ಪ ಅಲ್ಲಿ ರಾಗಿ ಬೀಸುವ ಕೆಲಸಕ್ಕೆ ನಿಲ್ಲುತ್ತಾನೆ. ಇದೇ ತಾಲ್ಲೂಕಿನ ದೇವನೂರಿನ ದೇವನೂರ ಮಹಾದೇವ ಬರೆದ 'ಕುಸುಮಬಾಲೆ' (1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ) ಓದಿದವರಿಗೆ ಈ ಹಾಡುಗಳ ಉಸಿರು ಗೊತ್ತಾಗುತ್ತೆ. ಅಲ್ಲಿ ರಾತ್ರಿ ಹೊತ್ತು ದೀಪದ ಜೋತಮ್ಮಗಳು ಕೂತು ಮಾತಾಡುತ್ತವೆ. ಅದು ಹೊರಗಿಂದ ಬಂದ ಮಾಂತ್ರಿಕ ವಾಸ್ತವ ಅಲ್ಲ, ಈ ಸೀಮೆಯದೇ ದನಿ.

ಪುಸ್ತಕ ಸಾಕಾ?

ಶುರುವಿಗೆ ಸಾಕು. ಪಿ.ಕೆ. ರಾಜಶೇಖರ 1970ರ ದಶಕದಲ್ಲೇ ಈ ಕಾವ್ಯವನ್ನು ಸಂಗ್ರಹಿಸಿದರು. ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ್ದಾರೆ. ಅದರ ಇಂಗ್ಲಿಷ್ ಅನುವಾದ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಬಂತು. ಆದರೆ ಪ್ರತಿ ಪುಸ್ತಕವೂ ಒಂದು ತಂಡ ಒಮ್ಮೆ ಹಾಡಿದ ರೂಪ ಮಾತ್ರ. ಇನ್ನೊಬ್ಬರ ಬಾಯಲ್ಲಿ ಸಂಕಮ್ಮ ಇನ್ನೊಂದು ಮಾತು ಆಡಿರಬಹುದು.

ಈಗಲೇ ಯಾಕೆ?

ಸರ್ಕಾರಿ ವೇದಿಕೆಗಳಿಗೆ ಬೇಕಿರೋದು ಹತ್ತು ನಿಮಿಷದ ಕಂಸಾಳೆ ಕುಣಿತ. ಹೆಜ್ಜೆ, ತಾಳ ಉಳಿಯುತ್ತೆ. ಹರಳಯ್ಯನೂ ಸಂಕಮ್ಮನೂ ಅಲ್ಲಿಗೆ ಹತ್ತುವುದೇ ಇಲ್ಲ. ಇಡೀ ರಾತ್ರಿಯ ಹಾಡು ಉಳಿಯೋದು ಕೇಳುವವರು ಕೂತರೆ ಮಾತ್ರ. ಮುಂದಿನ ಸಲ ಊರಲ್ಲಿ ಹಾಡಿಸುವಾಗ ಮೊಬೈಲ್ ವಿಡಿಯೋ ಮಾಡಿ ಎದ್ದು ಹೋಗಬೇಡಿ. 'ಇವತ್ತು ಯಾವ ಸಾಲು?' ಅಂತ ಕೇಳಿ, ಕೂತುಕೊಳ್ಳಿ.