ಐವತ್ತು ಸೆಂಟ್‌ನ ಭಾಷಣದ ಪುಸ್ತಕ

ಇಯರ್‌ಫೋನ್ ಹಾಕ್ಕೊಂಡ್ರಾ? ಶುರು ಮಾಡೋಣ.

ಶಾಲೆಯಲ್ಲಿದ್ದಾಗ ಆಗಸ್ಟ್ 15ಕ್ಕೆ ನಾನೊಂದು ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡಿದ್ದೆ. ಯಾರೋ ಬರೆದುಕೊಟ್ಟಿದ್ದು. ಅರ್ಧಕ್ಕರ್ಧ ಪದಗಳ ಅರ್ಥ ಗೊತ್ತಿರಲಿಲ್ಲ. ಚಪ್ಪಾಳೆ ಬಂತು, ಲಾಡು ಸಿಕ್ತು, ಮಾರನೇ ದಿನ ಎಲ್ಲಾ ಮರೆತೂ ಹೋಯ್ತು. ಭಾಷಣದಿಂದ ಭಾಷೆ ಕಲಿಯೋದು ಅಂದ್ರೆ ಇಷ್ಟೇನಾ?

1797ಕ್ಕೆ ಹೋಗೋಣ. ಅಮೆರಿಕದ ಬಾಸ್ಟನ್‌ನಲ್ಲಿ ಕೇಲಬ್ ಬಿಂಗಮ್ ಅನ್ನೋ ಮೇಷ್ಟ್ರು 'ದಿ ಕೊಲಂಬಿಯನ್ ಆರೇಟರ್' ಎಂಬ ಪಠ್ಯಪುಸ್ತಕ ತಂದರು. ನ್ಯಾಯಾಧೀಶರ ಮುಂದೆ ಸಾಕ್ರೆಟಿಸ್ ಆಡಿದ ಮಾತು, ಜಾರ್ಜ್ ವಾಷಿಂಗ್ಟನ್ ಭಾಷಣ, ಜೊತೆಗೆ ಕೆಲವು ಸಂಭಾಷಣೆಗಳು. ದನಿ ಎಲ್ಲಿ ಏರಬೇಕು, ಕೈ ಹೇಗೆ ಆಡಿಸಬೇಕು ಅನ್ನೋ ಸೂಚನೆಗಳೂ ಇದ್ದವು. ಮಕ್ಕಳು ಎದ್ದು ನಿಂತು ಗಟ್ಟಿಯಾಗಿ ಓದಬೇಕು, ಅದೇ ಪಾಠ.

ಈ ಪುಸ್ತಕ ಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ಹುಡುಗನ ಕೈಗೂ ಸಿಕ್ತು. ಬಾಲ್ಟಿಮೋರ್‌ನ ಫ್ರೆಡರಿಕ್ ಡಗ್ಲಸ್. ಗುಲಾಮ. ಒಡತಿ ಸೋಫಿಯಾ ಆಲ್ಡ್ ಅವನಿಗೆ ಅಕ್ಷರ ಹೇಳಿಕೊಡೋಕೆ ಶುರು ಮಾಡಿದ್ದಳು. ಗಂಡ ಹ್ಯೂ ತಡೆದ. ಓದು ಬಂದ್ರೆ ಗುಲಾಮ ಕೈಗೆ ಸಿಗಲ್ಲ ಅನ್ನೋದು ಅವನ ಲೆಕ್ಕ. ಹುಡುಗನಿಗೆ ಅಷ್ಟು ಸಾಕಾಯ್ತು. ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಅಕ್ಷರ ಕಲಿತ. ಸುಮಾರು 12ನೇ ವಯಸ್ಸಿಗೆ, ಬೂಟ್ ಪಾಲಿಶ್ ಮಾಡಿ ಕೂಡಿಟ್ಟ 50 ಸೆಂಟ್ ಕೊಟ್ಟು ಈ ಪುಸ್ತಕ ಕೊಂಡ.

ಅದರಲ್ಲೊಂದು ಸಂಭಾಷಣೆ ಇದೆ. ಓಡಿಹೋಗಿ ಸಿಕ್ಕಿಬಿದ್ದ ಗುಲಾಮನನ್ನ ಒಡೆಯ ಬೈತಾನೆ. ಗುಲಾಮ ಅಳಲ್ಲ, ವಾದ ಮಾಡ್ತಾನೆ. ಒಡೆಯನ ಒಂದೊಂದು ಮಾತಿಗೂ ಉತ್ತರ ಕೊಡ್ತಾನೆ. ಕೊನೆಗೆ ಒಡೆಯನೇ ಸೋತು ಅವನನ್ನ ಬಿಡುಗಡೆ ಮಾಡ್ತಾನೆ. ಡಗ್ಲಸ್ ಇದನ್ನ ಮತ್ತೆ ಮತ್ತೆ ಓದಿದ. ಮನಸ್ಸಲ್ಲಿ ಕುದೀತಾ ಇದ್ದ ವಿಚಾರಗಳಿಗೆ ಅಲ್ಲಿ ಮಾತು ಸಿಕ್ತು. ನೆಮ್ಮದಿಯೂ ಹೋಯ್ತು, ಯಾಕಂದ್ರೆ ತನ್ನ ಸ್ಥಿತಿ ಏನು ಅಂತ ಈಗ ಸ್ಪಷ್ಟವಾಗಿ ಕಾಣ್ತಿತ್ತು. ಇದನ್ನ ಅವರೇ 1845ರ ಆತ್ಮಕಥೆಯಲ್ಲಿ ಬರೆದಿದ್ದಾರೆ.

1838ರ ಸೆಪ್ಟೆಂಬರ್‌ನಲ್ಲಿ ತಪ್ಪಿಸಿಕೊಂಡರು. ಮೂರೇ ವರ್ಷಕ್ಕೆ ನಾನ್‌ಟಕೆಟ್‌ನ ಸಭೆಯಲ್ಲಿ ಎದ್ದು ಮಾತಾಡಿದರು. 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ನಿಂತು, ನಿಮ್ಮ ಸ್ವಾತಂತ್ರ್ಯ ದಿನ ಗುಲಾಮನಿಗೆ ಏನು ಕೊಟ್ಟಿದೆ ಅಂತ ಬಿಳಿಯರನ್ನೇ ಕೇಳಿದರು. ಭಾಷಣ ಓದಿ ಭಾಷೆ ಕಲಿತ ಹುಡುಗನ ಆ ಭಾಷಣವೇ ಇವತ್ತು ಅಮೆರಿಕದ ಕ್ಲಾಸ್‌ರೂಮ್‌ಗಳಲ್ಲಿ ಪಾಠ.

ನನಗೂ ಅವರಿಗೂ ವ್ಯತ್ಯಾಸ ಎಲ್ಲಿ? ಭಾಷಣ ಇಬ್ಬರೂ ಓದಿದ್ವಿ. ಆದ್ರೆ ಅವರಿಗೆ ಆ ಮಾತಿನ ಅವಶ್ಯಕತೆ ಇತ್ತು, ನನಗೆ ಲಾಡಿನದ್ದು! ತಮಾಷೆ ಬಿಡಿ. ನನಗೆ ಯಾರೂ ಮೂರು ಪ್ರಶ್ನೆ ಕೇಳಲಿಲ್ಲ: ಇದನ್ನ ಯಾರು ಹೇಳಿದ್ದು? ಯಾರ ಎದುರು? ನೀನು ಅಲ್ಲಿ ಕೂತಿದ್ರೆ ಏನು ಉತ್ತರ ಕೊಡ್ತಿದ್ದೆ?

ನೀವು ಮೇಷ್ಟ್ರಾಗಿದ್ರೆ, ಅಥವಾ ಮನೇಲಿ ತಮ್ಮನೋ ತಂಗಿಯೋ ಭಾಷಣಕ್ಕೆ ತಯಾರಾಗ್ತಿದ್ರೆ, ಆ ಮೂರನೇ ಪ್ರಶ್ನೆ ಕೇಳಿ ನೋಡಿ. ಉತ್ತರ ತಪ್ಪುತಪ್ಪಾಗಿ ಬಂದ್ರೂ ಪರವಾಗಿಲ್ಲ, ಅದು ಅವರದ್ದೇ ಮಾತು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.