ಡುಶೆನ್ ಸ್ನಾಯುಕ್ಷಯದ ಜೀನ್ ಪತ್ತೆಯಾದ ಬಗೆ

ತಾಯಿಯಿಂದ ಹರಿದುಬಂದು ಹೆಚ್ಚಾಗಿ ಗಂಡುಮಕ್ಕಳನ್ನೇ ಕಾಡುವ ರೋಗಗಳನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದ ಆರಂಭದಿಂದಲೇ ಗುರುತಿಸಿದ್ದರೂ, ಅವುಗಳ ಮೂಲ ತಿಳಿದದ್ದು ವರ್ಣತಂತುಗಳ ಅಧ್ಯಯನ ಬೆಳೆದ ಮೇಲೆ. ಹೆಣ್ಣಿಗೆ ಎಕ್ಸ್ ವರ್ಣತಂತು ಎರಡಿರುವುದರಿಂದ ಒಂದರ ದೋಷವನ್ನು ಇನ್ನೊಂದು ಬಹುಮಟ್ಟಿಗೆ ತುಂಬಿಕೊಡುತ್ತದೆ. ಒಂದೇ ಎಕ್ಸ್ ಇರುವ ಗಂಡಿಗೆ ಆ ಆಸರೆಯಿಲ್ಲ. ಈ ನೆಲೆಯಲ್ಲಿ ಅಮೆರಿಕದ ಇ. ಬಿ. ವಿಲ್ಸನ್ 1911ರಲ್ಲಿ ಬಣ್ಣಗುರುಡಿನ ಜೀನನ್ನು ಎಕ್ಸ್‌ಗೆ ಸೇರಿಸಿದರು. 1937ರಲ್ಲಿ ಜೂಲಿಯಾ ಬೆಲ್ ಮತ್ತು ಜೆ. ಬಿ. ಎಸ್. ಹಾಲ್ಡೇನ್ ಅದೂ ಹಿಮೋಫಿಲಿಯಾವೂ ವಂಶಾವಳಿಗಳಲ್ಲಿ ಜೊತೆಯಾಗಿ ಸಾಗುವುದನ್ನು ಲೆಕ್ಕಹಾಕಿ, ಎರಡರ ಜೀನುಗಳೂ ಹತ್ತಿರದಲ್ಲಿವೆ ಎಂದು ತೋರಿಸಿದರು.

ಡುಶೆನ್ ಸ್ನಾಯುಕ್ಷಯದ ನೆಲೆ ಮಾತ್ರ ಇನ್ನೂ ನಾಲ್ಕು ದಶಕ ಕೈಗೆ ಸಿಗಲಿಲ್ಲ. ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳ ಮೇಲೆ ಕೈಯೂರುತ್ತ ಮೈಯನ್ನು ಮೇಲಕ್ಕೆತ್ತಿಕೊಳ್ಳುವ ಬಾಲಕ ಹತ್ತು-ಹನ್ನೆರಡರ ವಯಸ್ಸಿಗೆ ನಡೆಯಲಾರದವನಾಗುವ ಈ ರೋಗವನ್ನು ಲಂಡನ್ನಿನ ಎಡ್ವರ್ಡ್ ಮೆರಿಯನ್ 1852ರಲ್ಲಿಯೇ ವಿವರಿಸಿ, ಸ್ನಾಯುತಂತುವಿನ ಹೊರಪೊರೆ ಒಡೆದಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ದಾರಿ ತೋರಿದವರು, ನಿಯಮದ ಪ್ರಕಾರ ಈ ರೋಗ ಬರಬಾರದಾಗಿದ್ದ ಕೆಲವು ಹೆಣ್ಣುಮಕ್ಕಳು. ಅವರ ಒಂದು ಎಕ್ಸ್ ತುಂಡಾಗಿ ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿತ್ತು. ಹೆಣ್ಣಿನ ಪ್ರತಿ ಜೀವಕೋಶದಲ್ಲಿ ಒಂದು ಎಕ್ಸ್ ನಿಷ್ಕ್ರಿಯವಾಗುತ್ತದೆಂದು ಮೇರಿ ಲಯಾನ್ 1961ರಲ್ಲಿ ಮಂಡಿಸಿದ್ದರಷ್ಟೆ, ಇವರಲ್ಲಿ ಹಾಗೆ ಸುಮ್ಮನಾಗಿದ್ದದ್ದು ಸರಿಯಾದ ಎಕ್ಸ್. ಎಲ್ಲರಲ್ಲೂ ಮುರಿತ ಬಿದ್ದಿದ್ದ ಜಾಗ ಒಂದೇ: ಎಕ್ಸ್‌ನ ಕಿರುತೋಳಿನ 21 ಎಂದು ಗುರುತಿಸಲಾದ ಪಟ್ಟಿ. 1983ರ ಹೊತ್ತಿಗೆ ಲಂಡನ್ನಿನಲ್ಲಿ ಕೇ ಡೇವಿಸ್ ಮತ್ತು ಸಂಗಡಿಗರು, ಗುರುತುಕಲ್ಲುಗಳಂತೆ ಬಳಸಬಹುದಾದ ಡಿಎನ್ಎ ತುಣುಕುಗಳಿಂದ ರೋಗಪೀಡಿತ ಕುಟುಂಬಗಳನ್ನು ಪರೀಕ್ಷಿಸಿ ಅದೇ ತೋಳನ್ನು ದೃಢಪಡಿಸಿದರು.

ಕೊನೆಯ ಸುಳಿವು ಅಮೆರಿಕದ ಒಬ್ಬ ಬಾಲಕನದು. ಅವನಿಗೆ ಸ್ನಾಯುಕ್ಷಯದೊಡನೆ ಇನ್ನೂ ಮೂರು ಆನುವಂಶಿಕ ದೋಷಗಳಿದ್ದವು. ಎಕ್ಸ್‌ನ ಅದೇ ಜಾಗದ ಒಂದು ಚೂರು ಅವನಲ್ಲಿ ಕಾಣೆಯಾಗಿರುವುದನ್ನು ಉಟಾ ಫ್ರಾಂಕೆ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಬಾಸ್ಟನ್ನಿನ ಲೂಯಿಸ್ ಕುಂಕೆಲ್ ಅವರು ಅವನ ಡಿಎನ್ಎಯನ್ನು ಹೇರಳವಾಗಿ ಸಾಮಾನ್ಯ ಡಿಎನ್ಎಯೊಡನೆ ಬೆರೆಸಿ, ಬಾಲಕನ ಡಿಎನ್ಎಯೊಡನೆ ಜೋಡಿ ಕೂಡಿದ್ದನ್ನೆಲ್ಲ ಬದಿಗಿಟ್ಟು, ಅದರಲ್ಲಿ ಜೋಡಿ ಸಿಗದೆ ತಮ್ಮತಮ್ಮಲ್ಲೇ ಕೂಡಿಕೊಂಡ ಸಾಮಾನ್ಯ ಡಿಎನ್ಎಯ ತುಣುಕುಗಳನ್ನು, ಅಂದರೆ ಬಾಲಕನಲ್ಲಿ ಇಲ್ಲದಿದ್ದವುಗಳನ್ನು, ಹೆಕ್ಕಿದರು. ಆ ತುಣುಕುಗಳನ್ನು ಅವರು ಬೇರೆ ಪ್ರಯೋಗಾಲಯಗಳಿಗೂ ಹಂಚಿದ್ದರಿಂದ ಸಾವಿರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆ ಬೇಗ ಸಾಧ್ಯವಾಯಿತು. ಪೈಪೋಟಿಯ ಆ ಕಾಲದಲ್ಲಿ ಇದು ಸಣ್ಣ ಔದಾರ್ಯವಲ್ಲ. ಟೊರೊಂಟೊದಲ್ಲಿ ರೊನಾಲ್ಡ್ ವರ್ಟನ್ ತಂಡ ಒಬ್ಬ ಹುಡುಗಿಯ ಮುರಿತದ ಅಂಚಿನಿಂದ ಹೊರಟು ಅದೇ ಜೀನನ್ನು ತಲುಪಿತು.

1986ರಲ್ಲಿ ಜೀನಿನ ಭಾಗಗಳು ದೊರೆತು, 1987ರಲ್ಲಿ ಅದು ತಯಾರಿಸುವ ಪ್ರೋಟೀನಿಗೆ ಡಿಸ್ಟ್ರೊಫಿನ್ ಎಂಬ ಹೆಸರು ಬಂದಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳುದ್ದದ ಈ ಜೀನಿನಲ್ಲಿ ಪ್ರೋಟೀನಿಗೆ ಬೇಕಾದ ಸಂದೇಶ 79 ತುಂಡುಗಳಾಗಿ ಹರಡಿದೆ. ಪ್ರೋಟೀನ್ ಇರುವ ಜಾಗವಾದರೋ ಮೆರಿಯನ್ ಒಡೆದದ್ದನ್ನು ಕಂಡಿದ್ದ ಅದೇ ಪೊರೆಯ ಒಳಮಗ್ಗುಲು. ಜೀನಿನ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದಲಾಗುತ್ತದೆ. 1988ರಲ್ಲಿ ಆಂಥೊನಿ ಮೊನಾಕೊ, ಕುಂಕೆಲ್ ಮುಂತಾದವರು, ಕಳೆದುಹೋದ ಅಕ್ಷರಗಳ ಸಂಖ್ಯೆ ಮೂರರಿಂದ ಭಾಗವಾಗುವಂತಿದ್ದರೆ ಮೊಟಕಾದರೂ ಕೆಲಸಮಾಡುವ ಪ್ರೋಟೀನ್ ಉಳಿದು ಬೆಕರ್ ಎಂಬ ಸೌಮ್ಯರೂಪವೂ, ಇಲ್ಲವಾದರೆ ಓದೇ ತಪ್ಪಿ ಡುಶೆನ್ ರೂಪವೂ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆಂದು ವಿವರಿಸಿದರು. ಸಂದೇಶದ ಒಂದು ತುಂಡನ್ನು ಬೇಕೆಂದೇ ದಾಟಿಸಿ ಓದನ್ನು ಸರಿಪಡಿಸಲು ಯತ್ನಿಸುವ ಇಂದಿನ ಔಷಧಗಳು ಹುಟ್ಟಿರುವುದು ಈ ವಿವರಣೆಯಿಂದಲೇ.